ಖಾತ್ರಿರಾಯನ ಬಸ್ ಸ್ಟಾಪು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಆ ಬೀದಿಯಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಖಾತ್ರಿರಾಯ ಎಂದರೆ ಮಾತ್ರ ಬೆರಳು ಮೇಲೇಳುತ್ತಿತ್ತು, ಜೊತೆಗೆ ಒಂದು ನಗೆಯೂ. ಏನು ಕೇಳಿದರೂ ಮೊದಲು "ಖಾತ್ರಿ!" ಎಂದುಬಿಟ್ಟು ಆಮೇಲೆ ಯೋಚನೆ ಮಾಡುವುದು ಅವನ ಪದ್ಧತಿ. ಇವತ್ತು ಮಳೆ ಬರುತ್ತದೆಯೇ? ಖಾತ್ರಿ. ಸಂಜೆಗೆ ನಲ್ಲಿಯಲ್ಲಿ ನೀರು? ಖಾತ್ರಿ. ಮಳೆಯೂ ಬರುತ್ತಿರಲಿಲ್ಲ, ನೀರೂ ಬರುತ್ತಿರಲಿಲ್ಲ. ಅವನ ಖಾತ್ರಿ ಮಾತ್ರ ಬತ್ತುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಇವನು ನಾಲ್ಕನೆಯ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಮೂರು ಎನ್ನುವ ಪೈಕಿ.

ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಊರಿನ ಎಷ್ಟೋ ಜನ ಅವನ ದಯದಿಂದ ಕಣ್ಣೆದುರಿನದನ್ನು ಕಾಣುತ್ತಿದ್ದರು. ಅವನಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆ ಊರಾದರೋ ಬೆಳೆಯುತ್ತಿತ್ತು. ಮಕ್ಕಳು ಬೆಳೆದ ಹಾಗಲ್ಲ, ಹಾಲು ಉಕ್ಕಿದ ಹಾಗೆ. ಒಂದು ಗಳಿಗೆ ಆ ಕಡೆ ತಿರುಗಿದರೆ ಸಾಕು, ಒಲೆಯ ಸುತ್ತೆಲ್ಲ ಹರಿದಿರುತ್ತಿತ್ತು. ಬೆಳಿಗ್ಗೆ ಹೋದ ದಾರಿಯಲ್ಲಿ ಸಂಜೆ ವಾಪಸು ಬರಲು ಹೊರಟರೆ ನಡುವೆ ಒಂದು ಕಂಬ ಎದ್ದು ನಿಂತಿರುತ್ತಿತ್ತು. ಏಕಮುಖ ರಸ್ತೆಗಳ ಮುಖ ಆಗಾಗ ಆಚೆ ಈಚೆ ತಿರುಗುತ್ತಿತ್ತು. ಇಂಥ ಕಡೆ ಯಾವುದು ಸರಕಾರದ ಆಜ್ಞೆ, ಯಾವುದು ಪಕ್ಕದ ಮನೆಯವನ ಕಿತಾಪತಿ ಎಂದು ತಿಳಿಯುವುದು ಹೇಗೆ? ಯಾರು ಧೈರ್ಯವಾಗಿ ನಿಂತಿದ್ದಾನೋ ಅವನೇ ಸರಕಾರ. ಆದ್ದರಿಂದ ಅಲ್ಲಿನ ಜನ ಒಂದು ನೀತಿ ಕಲಿತಿದ್ದರು: ಸಾಲು ಕಂಡರೆ ಮೊದಲು ನಿಂತುಕೋ, ಯಾತಕ್ಕೆ ಎಂದು ಆಮೇಲೆ ಕೇಳು. ಕೇಳಿಕೊಂಡು ನಿಲ್ಲುತ್ತೇನೆ ಎಂದ ಜಾಣರಿಗೆ ಆ ಊರಲ್ಲಿ ಯಾವುದೂ ದಕ್ಕಿದ್ದಿಲ್ಲ.

ಖಾತ್ರಿರಾಯನ ಮನೆಯ ಕೆಳಗೇ ಅವನ ಅಕ್ಕನ ಚಹಾದ ಅಂಗಡಿ. ಅಂಗಡಿಯ ಮುಂದೆ ಬಸ್ ಸ್ಟಾಪು. ಬಸ್ಸು ಕಾಯುವವರು ಚಹಾ ಕುಡಿಯುತ್ತಿದ್ದರು. ಚಹಾ ಕುಡಿಯುವ ಗಡಿಬಿಡಿಯಲ್ಲಿ ಬಸ್ಸು ತಪ್ಪಿಸಿಕೊಂಡವರು ಇನ್ನೊಂದು ಚಹಾ ಕುಡಿಯುತ್ತಿದ್ದರು. ಹೀಗೆ ಅಕ್ಕನ ಜೀವನ ಸುಖವಾಗಿ ನಡೆದಿತ್ತು. ಯಾರ ಮಗಳಿಗೆ ಕೆಲಸ ಸಿಕ್ಕಿತು, ಯಾರ ಮನೆಯ ಲಿಫ್ಟು ಕೆಟ್ಟಿತು, ಎಲ್ಲವೂ ಆ ಅಂಗಡಿಯ ಹಲಗೆಯ ಮೇಲೆಯೇ ಇತ್ಯರ್ಥವಾಗುತ್ತಿತ್ತು.

ಆಗ ಖಾತ್ರಿರಾಯನಿಗೆ ಮಂಗನಬಾವು ಬಂತು. ಐವತ್ತು ದಾಟಿದ ಗಂಡಸಿಗೆ ಮಂಗನಬಾವು! ಎರಡೂ ಕೆನ್ನೆ ಊದಿಸಿಕೊಂಡು ಅವನು ಒಳಗೆ ಮಲಗಿದ. "ಇದು ಹಲ್ಲುನೋವು, ಖಾತ್ರಿ" ಎನ್ನಲು ಬಾಯಿ ತೆರೆಯಲಾಗದೆ ಒದ್ದಾಡಿದ. ಅವನ ಹೆಂಡತಿ ಆ ದಿನಗಳನ್ನು ಈಗಲೂ ಸಂತೋಷದಿಂದ ನೆನೆಯುತ್ತಾಳೆ.

ಬಾವು ಇಳಿದ ಮೇಲೆ ಅವನು ಬುತ್ತಿ ಹಿಡಿದು ಕೆಳಗಿಳಿದು ಬಂದು ತನ್ನ ಜಾಗದಲ್ಲಿ ನಿಂತ. ರಸ್ತೆಯ ಮಧ್ಯೆ ತಗಡಿನ ಬೇಲಿ ಎದ್ದಿತ್ತು. ಬೇಲಿಯ ಹಿಂದೆ ರೈಲಿನದೋ ಸೇತುವೆಯದೋ ಒಂದು ದೈತ್ಯ ಕಂಬ. ಸ್ಟಾಪಿನ ಬೆಂಚೂ ಇಲ್ಲ, ಬೋರ್ಡೂ ಇಲ್ಲ, ಒಬ್ಬ ನರಪಿಳ್ಳೆಯೂ ಇಲ್ಲ. ಅಕ್ಕ ಖಾಲಿ ಅಂಗಡಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

"ಸ್ಟಾಪ್ ತೆಗೆದುಬಿಟ್ರು ಕಣೋ. ಆ ದೊಡ್ಡ ರಸ್ತೆಯಾಚೆ, ಹೊಸ ಮಾಲ್ ಮುಂದೆ ಹಾಕಿದಾರೆ."

"ಯಾರು ಹೇಳಿದ್ದು?"

"ಹೇಳೋದೇನು, ನಾನೇ ಕಣ್ಣಾರೆ ನೋಡ್ದೆ. ಬೆಂಚು ಸಮೇತ ಹೊತ್ಕೊಂಡು ಹೋದ್ರು."

"ಬಣ್ಣ ಹೊಡೆಯೋಕೆ ಒಯ್ದಿರ್ತಾರೆ ಬಿಡು. ನಾನು ಎಷ್ಟು ವರ್ಷದಿಂದ ಇಲ್ಲಿ ನಿಲ್ತಿದೀನಿ! ನನಗೊಂದು ಮಾತು ಹೇಳದೆ ಹಂಗೆಲ್ಲ ತೆಗೆದುಬಿಡ್ತಾರಾ? ಬಸ್ ಇಲ್ಲೇ ಬರುತ್ತೆ. ಖಾತ್ರಿ."

ಅಕ್ಕ ವಾದಿಸಲಿಲ್ಲ. ಅವಳ ಮನಸ್ಸು ಬೇರೆಲ್ಲೋ ಇತ್ತು. "ನಾನು ಅಂಗಡಿ ಮುಚ್ತೀನಿ ಕಣೋ. ಜನಾನೇ ಇಲ್ಲ ಅಂದ್ಮೇಲೆ ಯಾರಿಗೆ ಅಂತ ಒಲೆ ಹಚ್ಚಲಿ? ಅಳಿಯ ಗಾಡಿ ತರ್ತೀನಿ ಅಂದಿದಾನೆ. ಅವರ ಮನೇಲೇ ಇರಿ ಅಂತಾನೆ."

ಅಳಿಯ ಒಳ್ಳೆಯವನೇ. ಅವನ ಮನೆ ಇಪ್ಪತ್ತಮೂರನೆಯ ಮಹಡಿಯಲ್ಲಿತ್ತು, ಮಾತೂ ಆ ಎತ್ತರದಿಂದಲೇ ಇಳಿದು ಬರುತ್ತಿತ್ತು. "ಅತ್ತೆ, ನಮ್ಮ ಬಾಲ್ಕನಿಯಿಂದ ಇಡೀ ಊರು ಕಾಣ್ಸುತ್ತೆ" ಎಂದು ಅವನು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದ. "ಕಂಡು ಏನು ಮಾಡ್ಲಪ್ಪ? ಅಲ್ಲಿಂದ ಕೂಗಿದ್ರೆ ಯಾರಾದ್ರೂ ತಿರುಗಿ ನೋಡ್ತಾರಾ?" ಎಂದು ಅಕ್ಕ ಕೇಳುತ್ತಿದ್ದಳು. ಈಗ ಅದನ್ನೂ ಕೇಳುವ ಉತ್ಸಾಹ ಅವಳಿಗೆ ಇರಲಿಲ್ಲ. ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಹೊಗೆ ಎಂದು ಹೇಳೋಣವೆಂದರೆ ಒಲೆ ಹಚ್ಚಿರಲಿಲ್ಲ.

ಖಾತ್ರಿರಾಯನಿಗೆ ಅಕ್ಕನ ದುಃಖ ಕಾಣಲಿಲ್ಲ. ಅವನು ಬಸ್ಸು ಬರುವ ದಿಕ್ಕಿಗೆ ಕಣ್ಣು ನೆಟ್ಟು ಸೇನಾಪತಿಯಂತೆ ನಿಂತಿದ್ದ. ಆ ನಿಲುವನ್ನು ನೋಡಿ ಬ್ಯಾಗು ಹಿಡಿದ ಹೆಂಗಸೊಬ್ಬಳು ಬಂದು ಹಿಂದೆ ನಿಂತಳು.

"ಇಲ್ಲಿ ಬಸ್ ಬರುತ್ತಾ?"

"ಖಾತ್ರಿ."

ಅವಳ ಹಿಂದೆ ಒಬ್ಬ ಮುದುಕ ಬಂದ. "ಇದು ಆಧಾರ್ ಕಾರ್ಡ್ ತಿದ್ದುಪಡಿ ಸಾಲಾ?" ಎಂದ. ಹೆಂಗಸು ಖಾತ್ರಿರಾಯನ ಕಡೆ ಕೈ ತೋರಿಸಿದಳು. ಖಾತ್ರಿರಾಯ ತಿರುಗದೆಯೇ "ಖಾತ್ರಿ" ಎಂದ. ಮುದುಕನ ಹಿಂದೆ ನಿಂತವನು ಹೊಸ ಫ್ಲ್ಯಾಟುಗಳಿಗೆ ಅರ್ಜಿ ಕೊಡುತ್ತಾರೆಂದು ನಂಬಿದ. ಅವನ ಹಿಂದಿನವಳು ಪುಕ್ಕಟೆ ಏನೋ ಹಂಚುತ್ತಾರೆಂದು ಫೋನು ಮಾಡಿ ಗಂಡನನ್ನೂ ಅತ್ತೆಯನ್ನೂ ಕರೆಸಿಕೊಂಡಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಹಿಂದೆಯೂ ಇದ್ದರು. ಇಲ್ಲಿ ಎತ್ತಿನ ಹಾಲು ಕರೆಯಲು ಪಾತ್ರೆ ಹಿಡಿದು ಸಾಲು ನಿಂತಿದ್ದರು.

ಬಸ್ಸು ಬಂತು. ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಯಿತು. "ಇವನು ಹೊಸ ಡ್ರೈವರು, ಮುಂದಿನದು ನಿಲ್ಲುತ್ತೆ, ಖಾತ್ರಿ" ಎಂದ ಖಾತ್ರಿರಾಯ. ಮುಂದಿನದೂ ಹೋಯಿತು. ಅವನು ಕೊನೆಗೆ ನಡೆದೇ ಕೆಲಸಕ್ಕೆ ಹೋದ. ಆದರೆ ಕಾದು ಕಾದು ಸುಸ್ತಾದ ಜನ ಸುತ್ತ ನೋಡಿದಾಗ ಅಲ್ಲೊಂದು ಚಹಾದ ಅಂಗಡಿ ಕಂಡಿತ್ತು. ಅಕ್ಕ ಒಲೆ ಹಚ್ಚಿದಳು.

ಮಾರನೆಯ ದಿನ ಸಾಲು ಉದ್ದವಾಯಿತು. ಅದರಾಚೆಯ ದಿನ ಮೂಲೆ ತಿರುಗಿತು. ಅಷ್ಟು ಜನರನ್ನು ದಾಟಿ ಹೋಗಲು ಬಸ್ಸಿನ ಡ್ರೈವರಿಗೆ ಮನಸ್ಸಾಗಲಿಲ್ಲ. ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ.

"ಏನ್ರೀ, ಸ್ಟಾಪ್ ವಾಪಸ್ ಇಲ್ಲಿಗೇ ತಂದ್ರಾ? ನಮಗೊಂದು ಮಾತು ಹೇಳೋದು ಬೇಡ್ವಾ?"

"ನಮಗೆ ಯಾವತ್ತು ಹೇಳಿದಾರೆ ಬಿಡಣ್ಣ!" ಎಂದು ಹಿಂದಿನಿಂದ ಕಂಡಕ್ಟರು ಕೂಗಿದ. "ಮೊನ್ನೆ ಆ ಮೇಲ್ಸೇತುವೆ ಹತ್ತಿ ಅರ್ಧ ಹೋದ್ಮೇಲೆ ತಾನೇ ಗೊತ್ತಾಗಿದ್ದು, ಅದು ಇನ್ನೂ ಅರ್ಧಾನೇ ಕಟ್ಟಿದಾರೆ ಅಂತ! ರಿವರ್ಸಲ್ಲಿ ಇಳಿಯೋ ಹೊತ್ತಿಗೆ ಮಧ್ಯಾಹ್ನ ಆಯ್ತು. ನಿಲ್ಸಣ್ಣ, ನಿಲ್ಸು. ಇಷ್ಟು ಜನ ಸುಮ್ನೆ ನಿಲ್ತಾರಾ?"

ಜನ ಹತ್ತಿದರು. ಆಧಾರ್ ತಿದ್ದಿಸಲು ಬಂದ ಮುದುಕನೂ ನೂಕುನುಗ್ಗಲಲ್ಲಿ ಹತ್ತಿಬಿಟ್ಟ. ಸಂಜೆ ಅದೇ ಬಸ್ಸಿನಲ್ಲಿ ಹಿಂದಿರುಗಿ ಬಂದು, ಬಹಳ ದಿನದಿಂದ ಹೋಗದಿದ್ದ ತಂಗಿಯ ಮನೆಗೆ ಹೋಗಿ ಬಂದೆನೆಂದು ಹೇಳಿ ಖಾತ್ರಿರಾಯನಿಗೆ ಕೈಮುಗಿದ.

ಇನ್ನು ಪೋಲೀಸರ ಪ್ರವೇಶ. ಟ್ರಾಫಿಕ್ ಪೇದೆ ಸೀಟಿ ಊದುತ್ತ ಬಂದು, "ಯಾರಿದು ಇಲ್ಲಿ ಬಸ್ ನಿಲ್ಲಿಸ್ತಿರೋದು? ಯಾರು ಹೇಳಿದ್ದು?" ಎಂದು ಗದರಿದ. ಸಾಲಿನ ಬೆರಳುಗಳೆಲ್ಲ ಒಟ್ಟಿಗೆ ಮುಂದಕ್ಕೆ ಚಾಚಿದವು. ಪೇದೆ ಖಾತ್ರಿರಾಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇಲ್ಲಿ ಸ್ಟಾಪ್ ಆಗಿರೋದು ನಿಜಾನಾ?"

"ಖಾತ್ರಿ."

ಅಷ್ಟು ನೆಮ್ಮದಿಯಿಂದ ಪೇದೆಯೊಡನೆ ಮಾತಾಡುವವನು ಸಾಮಾನ್ಯನಾಗಿರಲಾರ. ಪೇದೆಯ ಸೀಟಿ ತುಟಿಯಿಂದ ಜಾರಿತು. ಹೋದ ವಾರವಷ್ಟೇ ಒಂದು ಹೊಸ ಆದೇಶ ತನಗೆ ಮುಟ್ಟದೆ, ಒಂದು ರಸ್ತೆಯ ವಾಹನಗಳನ್ನೆಲ್ಲ ಹಿಂದುಮುಂದಾಗಿ ಓಡಿಸಿ ಅವನು ಬೈಸಿಕೊಂಡಿದ್ದ. ಇದೂ ಹಾಗೆಯೇ ಆದರೆ? "ಅಲ್ಲ ಸಾರ್, ನಮಗೂ ಹೇಳಿದಾರೆ. ಸುಮ್ನೆ ಒಂದ್ಸಲ ಕೇಳ್ದೆ ಅಷ್ಟೆ" ಎಂದವನೇ ಕಿತ್ತಳೆ ಬಣ್ಣದ ಎರಡು ಕೋನುಗಳನ್ನು ತಂದು ಬಸ್ಸಿಗೆ ಜಾಗ ಗುರುತು ಮಾಡಿದ. ಕಂಬ ಕಟ್ಟುವ ಎಂಜಿನಿಯರು ಪೇದೆಯ ಕೋನು ನೋಡಿ ತನ್ನ ಬೇಲಿಯನ್ನು ಒಳಕ್ಕೆ ಸರಿಸಿದ. ಎಂಜಿನಿಯರ ಬೇಲಿ ಸರಿದದ್ದನ್ನು ನೋಡಿ ಪೇದೆಗೆ ಇದು ಮೇಲಿನ ಆದೇಶವೇ ಎಂದು ಪೂರ್ತಿ ನಂಬಿಕೆ ಬಂತು.

ಬೀದಿಯಲ್ಲಿ ಖಾತ್ರಿರಾಯನ ಮಹಿಮೆ ಹಬ್ಬಿತು. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ತಾವೇ ಒಂದು ಹಲಗೆಗೆ ಬಿಳಿ ಬಣ್ಣ ಬಳಿದು, ದುಂಡಾದ ಅಕ್ಷರದಲ್ಲಿ 'ಬಸ್ ನಿಲ್ದಾಣ' ಎಂದು ಬರೆದು ದೀಪದ ಕಂಬಕ್ಕೆ ಕಟ್ಟಿದರು. ಮಕ್ಕಳ ಕಿವಿ ಹಿಂಡಿ ಹಿಂಡಿ ಬಲಿತ ಆ ಕೈ ಕಟ್ಟಿದ ಗಂಟು ಬಿಚ್ಚುವುದು ಯಾರಿಂದಲೂ ಆಗುವ ಮಾತಲ್ಲ. "ನೋಡಿ, ಸಂಘ ಕಟ್ಟಿ ಮನವಿ ಬರೆದು ಅಲೆದವನು ನಾನು. ಒಂದೂ ಆಗಲಿಲ್ಲ. ಇವನು ಬಾಯಿ ಬಿಡದೆ ಕೆಲಸ ಮಾಡಿಸಿಕೊಂಡು ಬಂದ. ಮೇಲೆ ಯಾರ್‍ಯಾರು ಪರಿಚಯವೋ!" ಎಂದರು.

ಖಾತ್ರಿರಾಯ ಗಂಭೀರವಾಗಿ ನಕ್ಕ. ಈ ಮನುಷ್ಯ ಅವತ್ತೇ ತನಗೆ ಮೇಲೆ ಯಾರ ಪರಿಚಯವೂ ಇಲ್ಲವೆಂದು ಬಾಯಿಬಿಟ್ಟು ಹೇಳಿದ್ದರೆ ಮುಂದಿನ ಫಜೀತಿ ಇರುತ್ತಿರಲಿಲ್ಲ. ಆದರೆ ಹೊಗಳಿಕೆ ಎನ್ನುವುದು ಬಿಸಿಲಲ್ಲಿ ಬಂದ ತಣ್ಣೀರು. ಯಾರ ಕೊಡದ್ದು ಎಂದು ಯಾರೂ ಕೇಳುವುದಿಲ್ಲ.

ಕೇಳಿದವಳು ಹೆಂಡತಿ ಒಬ್ಬಳೇ. "ಮನೆ ನಲ್ಲಿಗೆ ಒಂದು ವಾಷರ್ ಹಾಕ್ಸೋಕಾಗಿಲ್ಲ, ಊರಿಗೆ ಬಸ್ ಸ್ಟಾಪ್ ತಂದ್ರಂತೆ! ನಿಜ ಹೇಳಿ, ಯಾರನ್ನ ನೋಡಿ ಬಂದ್ರಿ?"

"ಅದೆಲ್ಲ ನಿನಗೆ ಅರ್ಥ ಆಗಲ್ಲ."

"ನಿಮಗೆ ಆಗಿದ್ಯಾ?"

ಖಾತ್ರಿರಾಯ ಊಟ ಮುಗಿಸಿ ಎದ್ದ.

ಒಂದು ದಿನ ಅಂಗಡಿಯ ಯಜಮಾನರು ಒಂದು ಕನ್ನಡಕವನ್ನು ಮಾಲಿನಲ್ಲಿದ್ದ ಗಿರಾಕಿಗೆ ಮುಟ್ಟಿಸಿ ಬಾ ಎಂದು ಅವನನ್ನು ಕಳಿಸಿದರು. ದೊಡ್ಡ ರಸ್ತೆ ದಾಟಲು ಆಕಾಶದವರೆಗೆ ಮೆಟ್ಟಿಲು ಹತ್ತಿ, ಆಚೆ ಅಷ್ಟೇ ಮೆಟ್ಟಿಲು ಇಳಿದ. ಇಳಿದವನ ಕಣ್ಣೆದುರು ಗಾಜಿನ ಸೂರಿನ, ಉಕ್ಕಿನ ಬೆಂಚಿನ, ಥಳಥಳ ಹೊಳೆಯುವ ಬಸ್ ಸ್ಟಾಪು! ಅದರ ಮೇಲೆ ತನ್ನದೇ ಬೀದಿಯ ಹೆಸರು! ತನ್ನದೇ ಬಸ್ಸಿನ ನಂಬರು! ಒಳಗೆ ಮಾಲಿನ ಕಾವಲುಗಾರ ಒಬ್ಬನೇ ಕಾಲು ಚಾಚಿ ಕೂತಿದ್ದ.

"ಇಲ್ಲಿ... ಬಸ್ ಬರುತ್ತಾ?" ಎಂದು ಖಾತ್ರಿರಾಯ ತೊದಲಿದ. ಜನ್ಮದಲ್ಲಿ ಮೊದಲ ಸಲ ಅವನು ಖಾತ್ರಿಯಿಲ್ಲದೆ ಇನ್ನೊಬ್ಬರನ್ನು ಏನೋ ಕೇಳಿದ್ದು.

"ಬರ್ಬೇಕು ಸಾರ್. ಸ್ಟಾಪ್ ಇದೇ. ಆದ್ರೆ ಯಾವನೋ ಒಬ್ಬ ಪುಣ್ಯಾತ್ಮ ಹಳೇ ಜಾಗದಲ್ಲೇ ನಿಂತ್ಕೊಂಡು ಎಲ್ಲಾ ಬಸ್ಸೂ ಅಲ್ಲೇ ನಿಲ್ಲಿಸ್ತಿದಾನಂತೆ. ಇಲ್ಲಿ ಸ್ಟಾಪ್ ತಾನೇ ಯಾರಿಗೆ ಬೇಕಾಗಿತ್ತು? ಸುತ್ತ ಒಂದು ಮನೆ ಇಲ್ಲ. ಆ ಮೆಟ್ಟಿಲು ಹತ್ತಿ ಇಳಿಯೋ ಹೊತ್ತಿಗೆ ಮನುಷ್ಯನ ಜೀವ ಹೋಗುತ್ತೆ. ನಾನೂ ಡ್ಯೂಟಿ ಮುಗಿಸಿ ಅಲ್ಲೇ ಹೋಗಿ ಹತ್ತೋದು."

ಖಾತ್ರಿರಾಯ ಕನ್ನಡಕ ಯಾರಿಗೆ ಕೊಟ್ಟನೋ ಅವನಿಗೇ ತಿಳಿಯದು. ನೇರ ಅಕ್ಕನ ಅಂಗಡಿಗೆ ಬಂದು, ಗಿರಾಕಿಗಳು ಚದುರುವವರೆಗೂ ಮೂಲೆಯಲ್ಲಿ ಕಾದು, ಪಿಸುಗುಟ್ಟಿದ.

"ಅಕ್ಕ, ಸ್ಟಾಪ್ ನಿಜವಾಗ್ಲೂ ಅಲ್ಲಿಗೆ ಹೋಗಿದೆ. ನಾನು ತಪ್ಪು ತಿಳ್ಕೊಂಡಿದ್ದೆ."

"ಗೊತ್ತು ಕಣೋ. ಮೊದಲನೇ ದಿನವೇ ಹೇಳಿದ್ನಲ್ಲ."

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ದೆ?"

ಅಕ್ಕ ಲೋಟ ತೊಳೆಯುವುದನ್ನು ನಿಲ್ಲಿಸಿದಳು. "ನೀನು ಹುಟ್ಟಿದಾಗಿಂದ ನೋಡ್ತಿದೀನಿ. ನಿನ್ನ ತಪ್ಪಿನಿಂದ ಒಬ್ಬರಿಗೆ ಉಪಕಾರ ಆಗಿದ್ದು ಇದೇ ಮೊದಲು. ಯಾಕೆ ತಡೀಲಿ?" ಎಂದಳು. ಆಮೇಲೆ ಅವಳ ದನಿ ಇಳಿಯಿತು. "ನಾನು ಅಳಿಯನಿಗೆ ಮಾತು ಕೊಟ್ಟಿದೀನಿ ಕಣೋ. ಸ್ಟಾಪ್ ಇರೋವರೆಗೂ ಇಲ್ಲಿರ್ತೀನಿ, ಸ್ಟಾಪ್ ಹೋದ ದಿನ ನಿನ್ನ ಜೊತೆ ಬರ್ತೀನಿ ಅಂತ. ಅವನು ಇದು ಸುಳ್ಳು ಸ್ಟಾಪ್ ಅಂತ ಆಫೀಸಿಗೆ ಫೋನ್ ಮಾಡಿದಾನೆ. ನಾಳೆ ಸಾರಿಗೆ ಅಧಿಕಾರಿ ಬರ್ತಾರಂತೆ. ಅವನೂ ಗಾಡಿ ತರ್ತಾನೆ."

ಖಾತ್ರಿರಾಯನಿಗೆ ಆಗ ಅಕ್ಕನ ಮುಖ ಕಾಣಿಸಿತು. ಈ ಅಂಗಡಿ ಹೋದರೆ ಅವಳಿಗೆ ಮಾತಾಡಲು ಉಳಿಯುವುದು ಲಿಫ್ಟಿನ ಗುಂಡಿಗಳು ಮಾತ್ರ ಎಂದು ಹೊಳೆಯಿತು. ಅವನಿಗೆ ಅಳು ಬಂದಂತಾಯಿತು. ನಿಜ ಹೇಳಿದರೆ ಅಕ್ಕ ಹೋಗುತ್ತಾಳೆ, ಸುಳ್ಳು ಹೇಳಿದರೆ ತಾನು ಠಾಣೆಗೆ ಹೋಗುತ್ತೇನೆ. ನುಂಗಲಾರದ ಉಗುಳಲಾರದ ಬಿಸಿ ತುಪ್ಪ ಗಂಟಲಲ್ಲಿ ನಿಂತಿತು.

ಮಾರನೆಯ ಬೆಳಿಗ್ಗೆ ಅಧಿಕಾರಿಗಳ ಜೀಪು ಬಂತು. ಅವರು ಹೊಟ್ಟೆಯನ್ನು ಮುಂದೆ ಕಳಿಸಿ ತಾವು ಹಿಂದೆ ಇಳಿದರು. ಅವರ ಹಿಂದೆಯೇ ಅಳಿಯನ ಗಾಡಿಯೂ ಬಂತು. ಹಗ್ಗ, ಗೋಣಿ ಚೀಲ, ಇಬ್ಬರು ಆಳುಗಳು ಎಲ್ಲ ಸಿದ್ಧ. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ಚಹಾ ಸೋಸುತ್ತಿದ್ದಳು. ಲೋಟದಲ್ಲಿ ಅರ್ಧ ಬಿತ್ತು, ಹೊರಗೆ ಅರ್ಧ.

ಅಧಿಕಾರಿ ಸಾಲಿನ ಕೊನೆಯಿಂದ ವಿಚಾರಣೆ ಶುರುಮಾಡಿದರು. "ಇಲ್ಲಿ ಯಾಕ್ರೀ ನಿಂತಿದೀರಿ?"

"ಮುಂದಿನವರು ನಿಂತಿದಾರಲ್ಲ ಸಾರ್."

"ನೀವು?"

"ಅವರ ಮುಂದಿನವರು ನಿಂತಿದಾರೆ."

ಹೀಗೆ ಒಬ್ಬೊಬ್ಬರನ್ನೇ ದಾಟಿ ಅಧಿಕಾರಿ ಬೆವರುತ್ತ ಮುಂದೆ ಬಂದರೆ ಅಲ್ಲಿ ಖಾತ್ರಿರಾಯ. ಅವನ ಮುಂದೆ ಯಾರೂ ಇರಲಿಲ್ಲ, ತೋರಿಸಲು ಬೆರಳಿತ್ತು, ದಿಕ್ಕಿರಲಿಲ್ಲ.

"ಇದು ಬಸ್ ಸ್ಟಾಪ್ ಅಂತ ಯಾರು ಹೇಳಿದ್ದು?"

ಇಡೀ ಬೀದಿ ಉಸಿರು ಬಿಗಿಹಿಡಿಯಿತು. ಖಾತ್ರಿರಾಯ ಅಕ್ಕನ ಕಡೆ ನೋಡಿದ.

"ಯಾರೂ ಹೇಳಿಲ್ಲ ಸಾರ್. ತಪ್ಪೆಲ್ಲ ನಂದೇ. ನನಗೆ ಮಂಗನಬಾವು ಆಗಿತ್ತು. ಸ್ಟಾಪ್ ಹೋಗಿದ್ದು ಗೊತ್ತಾಗ್ದೆ ಬಂದು ನಿಂತ್ಕೊಂಡೆ. ಅಕ್ಕನದೇನೂ ತಪ್ಪಿಲ್ಲ ಸಾರ್, ಪೇದೆಯವರದೂ ಇಲ್ಲ."

ಯಾರೂ ನಂಬಲಿಲ್ಲ!

"ಕೇಳಿದ್ರಾ?" ಎಂದು ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡರು. "ಎಲ್ಲರನ್ನೂ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊಂಡ. ದೊಡ್ಡ ಮನುಷ್ಯ!" ಪೇದೆ ಸೆಟೆದು ಸೆಲ್ಯೂಟು ಹೊಡೆದ. ಮಹಡಿಯ ಕಿಟಕಿಯಿಂದ ಹೆಂಡತಿ ಮಾತ್ರ, "ಅವರು ಹೇಳ್ತಿರೋದು ನಿಜ ಸಾರ್, ಅವರಿಗೆ ಏನೂ ಗೊತ್ತಿಲ್ಲ!" ಎಂದು ಕೂಗಿದಳು. ಅದನ್ನೂ ಜನ ಪತಿವ್ರತೆಯ ಜಾಣ್ಮೆ ಎಂದು ತಿಳಿದು ಮೆಚ್ಚಿದರು.

ಅಧಿಕಾರಿಗೂ ಗುಮಾನಿ ಬಂತು. ತಮ್ಮ ಎದುರು ತಪ್ಪು ಒಪ್ಪಿಕೊಂಡವನನ್ನು ಅವರು ಸರ್ವಿಸಿನಲ್ಲೇ ಕಂಡಿರಲಿಲ್ಲ. ಇಂಥವನ ಬೆನ್ನ ಹಿಂದೆ ಬಹಳ ದೊಡ್ಡವರೇ ಇರಬೇಕು. ಪಕ್ಕಕ್ಕೆ ಸರಿದು ಒಂದೊಂದೇ ಕಚೇರಿಗೆ ಫೋನು ಮಾಡಿದರು. ರೈಲಿನ ಇಲಾಖೆಯವರು ಅದು ಸೇತುವೆ ಇಲಾಖೆಯ ಆದೇಶವಿರಬಹುದು ಎಂದರು. ಸೇತುವೆಯವರು ರೈಲಿನವರದಿರಬಹುದು ಎಂದರು. ಸ್ವಂತ ಕಚೇರಿಯವರು, "ಸಾರ್, ರದ್ದು ಮಾಡ್ಬೇಕು ಅಂದ್ರೆ ಮೊದ್ಲು ಮಂಜೂರಾಗಿರ್ಬೇಕು. ಮಂಜೂರಾಗದೇ ಇರೋದನ್ನ ಯಾವ ನಂಬರ್ ಹಾಕಿ ರದ್ದು ಮಾಡೋದು?" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಮತ್ತು ದೊಡ್ಡ ಸಾಹೇಬರ ಮೀಟಿಂಗು ಶುರುವಾಗುತ್ತಿದೆ, ಬೇಗ ಬನ್ನಿ ಎಂದರು.

ಅಧಿಕಾರಿ ಗಾಬರಿಯಿಂದ, ಪಕ್ಕದ ಓಣಿಯಲ್ಲಿ ನಿಲ್ಲಿಸಿದ್ದ ಜೀಪಿನತ್ತ ಓಡಿದರು. ಜೀಪಿತ್ತು, ದಾರಿಯಿರಲಿಲ್ಲ. ಅವರು ವಿಚಾರಣೆ ನಡೆಸುತ್ತಿದ್ದಾಗಲೇ ಯಾರೋ ಬಂದು ಜೀಪಿನ ಹಿಂದೆ ಮುಂದೆ ಎರಡೂ ಕಡೆ ರಸ್ತೆ ಅಗೆದು, ಅಡ್ಡಪಟ್ಟಿ ಕಟ್ಟಿ ಹೊರಟುಹೋಗಿದ್ದರು. ಜೀಪಿನ ಚಾಲಕ ಅದರ ನಡುವೆ ದ್ವೀಪದಲ್ಲಿ ಸಿಕ್ಕಿದವನಂತೆ ಕೈಬೀಸುತ್ತಿದ್ದ.

ಅಷ್ಟರಲ್ಲಿ ಬಸ್ಸು ಬಂತು. ಬಂದು ನಿಲ್ಲಬೇಕಾದ ಜಾಗದಲ್ಲಿ ಅಳಿಯನ ಗಾಡಿ ನಿಂತಿತ್ತು. ಪೇದೆ ಗಾಡಿಯ ಮೇಲೆ ಗುದ್ದಿದ.

"ತೆಗೀರಿ ಗಾಡಿ! ಬಸ್ ಸ್ಟಾಪ್ ಎದುರು ನಿಲ್ಲಿಸ್ತೀರಾ?"

"ಇದು ಬಸ್ ಸ್ಟಾಪೇ ಅಲ್ಲ!" ಎಂದು ಅಳಿಯನೂ ಇಳಿದು ಬಂದ. "ನಾನು ಅತ್ತೆ ಸಾಮಾನು ಹೇರ್ಬೇಕು. ಅಧಿಕಾರಿಗಳೇ ಇದಾರಲ್ಲ, ಕೇಳೋಣ. ಸಾರ್, ಸಾರ್! ನೀವೇ ಹೇಳಿಬಿಡಿ. ಇದು ಬಸ್ ಸ್ಟಾಪಾ, ಅಲ್ವಾ?"

ಅಕ್ಕನ ಕೈಯ ಸೋಸುವ ಜಾಲರಿ ಹಾಗೇ ಗಾಳಿಯಲ್ಲಿ ನಿಂತಿತು. ಅಧಿಕಾರಿ ಅಷ್ಟು ಹೊತ್ತಿಗೆ ಬಸ್ಸಿನತ್ತ ನುಗ್ಗುತ್ತಿದ್ದರು. ಜನ "ಸಾಲಲ್ಲಿ ಬನ್ನಿ, ಸಾಲಲ್ಲಿ ಬನ್ನಿ!" ಎಂದು ಅರಚುತ್ತಿದ್ದರು. ಖಾತ್ರಿರಾಯ ತನ್ನ ಮೊದಲ ಜಾಗವನ್ನು ಅವರಿಗೆ ಬಿಟ್ಟುಕೊಟ್ಟ. ಅವರು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟರು, ಆದರೆ ಅಳಿಯನ ಗಾಡಿಗೆ ತಗುಲಿ ಬಸ್ಸಿನ ಬಾಗಿಲು ಪೂರ್ತಿ ತೆರೆಯಲೊಲ್ಲದು. ಅವರ ಸಿಟ್ಟು ನೆತ್ತಿಗೇರಿತು.

"ಕಣ್ಣು ಕಾಣಲ್ವೇನ್ರೀ? ಬಸ್ ನಿಂತಿದೆ, ಜನ ಹತ್ತುತ್ತಿದಾರೆ. ಬಸ್ ಸ್ಟಾಪ್ ಅಲ್ದೆ ಇದೇನು ನಿಮ್ಮ ಅತ್ತೆ ಮನೆ ಜಗುಲಿನಾ?"

"ಹೌದು ಸಾರ್, ಅತ್ತೆದೇ..."

"ತೆಗೀರಿ ಗಾಡಿನ! ಇನ್ಮೇಲೆ ಈ ಸ್ಟಾಪಲ್ಲಿ ಯಾವ ಗಾಡಿ ನಿಂತ್ರೂ ಎತ್ತಾಕ್ಕೊಂಡು ಹೋಗಿ, ನಾನು ಹೇಳಿದೀನಿ!"

ಪೇದೆಗೆ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಆದೇಶ ನೇರವಾಗಿ, ಹೊತ್ತಿಗೆ ಸರಿಯಾಗಿ, ಕಿವಿಯಲ್ಲೇ ಸಿಕ್ಕಿತು. ಅವನು ಊದಿದ ಸೀಟಿಗೆ ಅಳಿಯ ಗಾಡಿಯೊಳಗೆ ಹಾರಿ ಕೂತ. ಗಾಡಿ ಸರಿಯಿತು, ಬಸ್ಸಿನ ಬಾಗಿಲು ತೆರೆಯಿತು, ಅಧಿಕಾರಿ ಒಳಗೆ ಹೋಗಿ ಕಂಡಕ್ಟರಿನಿಂದ ಟಿಕೇಟು ಪಡೆದರು. ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು. ಬೀದಿಯೆಲ್ಲ ತಟ್ಟಿತು. ಖಾತ್ರಿರಾಯನೂ ತಟ್ಟಿದ, ತಟ್ಟುತ್ತಿರುವಾಗಲೇ ಅವನು ಹತ್ತಬೇಕಾದ ಬಸ್ಸು ಹೊರಟುಹೋಯಿತು.

ಅಳಿಯ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತ ಬಹಳ ಹೊತ್ತು ಸುತ್ತಿದ. ಒಂದು ರಸ್ತೆ ಅಗೆದಿತ್ತು, ಇನ್ನೊಂದರ ಮುಖ ತಿರುಗಿತ್ತು, ಮೂರನೆಯದು ಮೊನ್ನೆಯವರೆಗೂ ಇತ್ತು. ಕೊನೆಗೆ ಊರಾಚೆ ಎಲ್ಲಿಂದಲೋ ಅಕ್ಕನಿಗೆ ಫೋನು ಮಾಡಿದ.

"ಅತ್ತೆ, ನಿಮ್ಮಂಗಡಿ ಹತ್ರ ಬರೋಕೆ ದಾರೀನೇ ಸಿಗ್ತಿಲ್ಲ. ನಾನು ಹಿಂಗೇ ಮನೆಗೆ ಹೋಗ್ತೀನಿ."

ಅಕ್ಕನ ಅಂಗಡಿಯ ಮುಂದೆ ಆಗಲೇ ಮುಂದಿನ ಬಸ್ಸಿಗೆ ಸಾಲು ನಿಂತಿತ್ತು. ಹಿಂದಿನವರು ಮುಂದಿನವರನ್ನು ಏನೋ ಕೇಳುತ್ತಿದ್ದರು. ಅಕ್ಕ ಒಂದು ಕೈಯಲ್ಲಿ ಕೆಟಲು, ಒಂದು ಕೈಯಲ್ಲಿ ಫೋನು ಹಿಡಿದು, ಇಪ್ಪತ್ತಮೂರನೆಯ ಮಹಡಿಗೂ ಕೇಳುವಂತೆ ನಕ್ಕಳು.

"ಆಗ್ಲಪ್ಪ, ಹೋಗು. ಸಂಜೆ ನನ್ನ ಮಗಳನ್ನ ಕರ್ಕೊಂಡು ಬಾ. ಗಾಡಿಗೀಡಿ ಎಲ್ಲ ಬೇಡ, ಬಸ್ಸಲ್ಲಿ ಬಾ. ನಮ್ಮ ಬಾಗಿಲಲ್ಲೇ ನಿಲ್ಲುತ್ತೆ!"